ಶುಂಠಿ ಸೋಡಾ ಬಾಟಲಿಗೆ ತುಂಬಿ ಒಂಬತ್ತು ದಿನ ಆಯ್ತು, ಗ್ಯಾಸೇ ಹಿಡಿದಿಲ್ಲ

ಶಹಾಪುರ ಹುಡುಗ (ಬೆಳಗಾವಿ) · ಜನವರಿ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಸಿಶುಂಠಿ ಸೋಡಾ ಮಾಡುವ ಹುಚ್ಚು ಹಿಡಿದಿದೆ. ನಮ್ಮ ಕಡೆ ಶುಂಠಿಗೆ ಅಲ್ಲ ಅಂತೀವಿ. ಆದರೆ ‘ಅಲ್ಲದ ಸೋಡಾ’ ಅಂತ ತಲೆಬರಹ ಹಾಕಿದರೆ ಬೆಂಗಳೂರಿನವರು ಇದು ಸೋಡಾನೇ ಅಲ್ಲ ಅಂದುಕೊಂಡಾರು ಅಂತ ಬಿಟ್ಟೆ.

ಅಳತೆ ಕೊಟ್ಟಿದ್ದು ವಿಜಯಪುರದಲ್ಲಿರುವ ನಮ್ಮ ಅಕ್ಕ. 2 ಲೀಟರ್ ನೀರು, 200 ಗ್ರಾಂ ಸಕ್ಕರೆ, 100 ಗ್ರಾಂ ಶುಂಠಿ, ನಾಲ್ಕು ಇಂಡಿ ಲಿಂಬೆಹಣ್ಣು, ಅರ್ಧ ಕಪ್ ಶುಂಠಿ ಹೆಪ್ಪು. ಹೆಪ್ಪು ಅಂದರೆ ಸಿಪ್ಪೆ ಸಮೇತ ತುರಿದ ಶುಂಠಿ, ಸಕ್ಕರೆ, ನೀರು ಸೇರಿಸಿ, ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕುತ್ತಾ ಆರು ದಿನ ಇಟ್ಟಿದ್ದು. ಅದರಲ್ಲಿ ಗುಳ್ಳೆ ಚೆನ್ನಾಗಿಯೇ ಬಂದಿತ್ತು. ತಂತಿ ಕ್ಲಿಪ್ಪಿನ ಮುಚ್ಚಳ ಇರುವ ಎರಡು ಗಾಜಿನ ಬಾಟಲಿಗೆ ತುಂಬಿದೆ. ಉಳಿದದ್ದನ್ನು ಅರ್ಧ ಲೀಟರಿನ ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿದೆ.

ಅಕ್ಕ ಹೇಳಿದ್ದು ಎರಡು ದಿನ ಹೊರಗೆ, ಮೂರನೇ ದಿನ ಫ್ರಿಜ್ಜಿಗೆ. ನಾನು ಇವತ್ತಿಗೆ ಒಂಬತ್ತು ದಿನ ಹೊರಗೇ ಇಟ್ಟಿದ್ದೇನೆ. ದಿನಾ ಒಂದು ಸಲ ಕ್ಲಿಪ್ ತೆಗೆದು ರುಚಿ ನೋಡುತ್ತೇನೆ. ರಾಮನವಮಿ ಪಾನಕದ ಹಾಗಿದೆ. ಗುಳ್ಳೆ ಒಂದೂ ಇಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮನೆಯಲ್ಲಿ ಬಿಯರ್ ಮಾಡುವವರು ‘ಎರಡರಿಂದ ಮೂರು ವಾರ ಕಾಯಿರಿ’ ಅನ್ನುತ್ತಾರೆ. ಎರಡು ದಿನವೋ, ಮೂರು ವಾರವೋ? ಯಾರ ಮಾತು ಕೇಳಲಿ?

ಬಾದಾಮಿ ಬಂಡೆ · ಜನವರಿ 11, ರಾತ್ರಿ 9:52

ದಿನಾ ತೆಗೆದು ನೋಡಿದರೆ ಗ್ಯಾಸ್ ಎಲ್ಲಿ ಉಳಿಯಬೇಕು ದೋಸ್ತಾ? ಸೀಟಿ ಹೊಡೆಯುವ ಮೊದಲೇ ಐದೈದು ನಿಮಿಷಕ್ಕೆ ಕುಕ್ಕರ್ ಮುಚ್ಚಳ ತೆಗೆದು, ಬೇಳೆ ಬೆಂದಿಲ್ಲ ಅಂದ ಹಾಗಾಯ್ತು.

ಶಹಾಪುರ ಹುಡುಗ · ಜನವರಿ 11, ರಾತ್ರಿ 9:58

ಬಾಟಲಿ ಸಿಡಿಯಬಾರದು ಅಂದರೆ ದಿನಾ ಗಾಳಿ ಬಿಡಬೇಕು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು. ಅದಕ್ಕೇ.

ಮೀಟರ್ ಕಾಕಾ (ಮುಧೋಳ) · ಜನವರಿ 12, ಬೆಳಿಗ್ಗೆ 6:15

ನಾನು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ 31 ವರ್ಷ ಇದ್ದವನು. ಅಳತೆ ಇಲ್ಲದೆ ಮಾತಾಡಿದರೆ ನನಗೆ ನಿದ್ದೆ ಬರುವುದಿಲ್ಲ. ಮೂರು ಪ್ರಶ್ನೆ.

ಬಾಟಲಿ ಇಟ್ಟ ಜಾಗದಲ್ಲಿ ಬೆಳಗಿನ ಜಾವ ಎಷ್ಟು ಡಿಗ್ರಿ? ಸಕ್ಕರೆ ನೀರು ಪೂರ್ತಿ ಆರಿದ ಮೇಲೆ ಹೆಪ್ಪು ಹಾಕಿದೆಯೋ, ಬಿಸಿ ಇರುವಾಗಲೇ ಹಾಕಿದೆಯೋ? ಆ ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಿದರೆ ಹೇಗಿದೆ? ಅದನ್ನೂ ದಿನಾ ತೆಗೆದಿದ್ದೀಯಾ?

ಶಹಾಪುರ ಹುಡುಗ · ಜನವರಿ 12, ಬೆಳಿಗ್ಗೆ 7:30

ಕಾಕಾ, ಜ್ವರದ ಥರ್ಮಾಮೀಟರ್ 35ಕ್ಕಿಂತ ಕೆಳಗೆ ತೋರಿಸಲಿಲ್ಲ. ಪಕ್ಕದ ಮನೆಯವರ ಅಕ್ವೇರಿಯಂ ಮೀಟರ್ ತಂದು ನೋಡಿದೆ. ಅಡುಗೆಮನೆ ಮೂಲೆ, ಗ್ರಾನೈಟ್ ಕಟ್ಟೆಯ ಮೇಲೆ 16 ಡಿಗ್ರಿ. ನೀರು ಆರಿಸಿಯೇ ಹೆಪ್ಪು ಹಾಕಿದ್ದೆ.

ಇನ್ನು ಪ್ಲಾಸ್ಟಿಕ್ ಬಾಟಲಿ. ಅದನ್ನು ಮರೆತೇ ಬಿಟ್ಟಿದ್ದೆ. ಬಾಗಿಲ ಹಿಂದೆ ಇತ್ತು, ಒಮ್ಮೆಯೂ ತೆಗೆದಿಲ್ಲ. ಈಗ ಒತ್ತಿ ನೋಡಿದರೆ ಕಲ್ಲು! ಹೆಬ್ಬೆರಳು ಒಳಗೆ ಹೋಗುತ್ತಲೇ ಇಲ್ಲ.

ಮೀಟರ್ ಕಾಕಾ · ಜನವರಿ 12, ಬೆಳಿಗ್ಗೆ 8:05

ಹಾಗಾದರೆ ನಿನ್ನ ಹೆಪ್ಪಿನ ತಪ್ಪಿಲ್ಲ, ಅಳತೆಯ ತಪ್ಪೂ ಇಲ್ಲ. ಮೂರೂ ಬಾಟಲಿಗೆ ಒಂದೇ ಪಾತ್ರೆಯ ನೀರು. ಒಂದು ಕಲ್ಲಾಗಿದೆ, ಎರಡು ಪಾನಕವಾಗಿವೆ. ಗಾಜಿನ ಬಾಟಲಿಯಲ್ಲೂ ಗ್ಯಾಸ್ ಹುಟ್ಟಿದೆ, ನಿಂತಿಲ್ಲ ಅಷ್ಟೇ. ನೀನು ತೆಗೆದು ಬಿಟ್ಟಿದ್ದೀಯ, ಇಲ್ಲಾ ಮುಚ್ಚಳ ಸೋರುತ್ತಿದೆ.

ಮೊದಲು ಆ ಪ್ಲಾಸ್ಟಿಕ್ ಬಾಟಲಿಯನ್ನು ಫ್ರಿಜ್ಜಿಗೆ ಇಡು. ನಾಳೆ ಸಂಜೆವರೆಗೆ ಮುಟ್ಟಬೇಡ. ತಣ್ಣಗಿನ ನೀರಿನಲ್ಲಿ ಗ್ಯಾಸ್ ಹೆಚ್ಚು ಕರಗುತ್ತದೆ. ಬೆಚ್ಚಗಿದ್ದಾಗಲೇ ತೆಗೆದರೆ ಮೇಲೆ ನಿಂತ ಗ್ಯಾಸ್ ಬುಸ್ ಅಂತ ಹೋಗಿ, ಹಿಂದೆಯೇ ಅರ್ಧ ಬಾಟಲಿ ನೊರೆ ಸೀಲಿಂಗಿಗೆ ಹೋಗುತ್ತದೆ. ಲೋಟದಲ್ಲಿ ಉಳಿದದ್ದು ಸಪ್ಪೆ. ಬಿಯರ್ ಮಾಡುವವರೂ ಅಷ್ಟೇ, ಒಂದು ದಿನವಾದರೂ ತಣ್ಣಗಿಟ್ಟು ಆಮೇಲೆ ತೆಗೆಯುತ್ತಾರೆ.

ಈಗ ಲೆಕ್ಕ. 1 ಗ್ರಾಂ ಸಕ್ಕರೆಯನ್ನು ಹೆಪ್ಪಿನಲ್ಲಿರುವ ಯೀಸ್ಟ್ ಅನ್ನುವ ಸೂಕ್ಷ್ಮಜೀವಿ ತಿಂದರೆ ಹತ್ತಿರಹತ್ತಿರ ಅರ್ಧ ಗ್ರಾಂ ಇಂಗಾಲದ ಡೈಆಕ್ಸೈಡ್, ಅರ್ಧ ಗ್ರಾಂ ಆಲ್ಕೋಹಾಲ್ ಹುಟ್ಟುತ್ತದೆ. ಲೀಟರಿಗೆ 5 ಗ್ರಾಂ ಗ್ಯಾಸ್ ಇದ್ದರೆ ಚುರುಕಾದ ಸೋಡಾ. ಅದಕ್ಕೆ ಬೇಕಾದ ಸಕ್ಕರೆ ಲೀಟರಿಗೆ ಬರೀ 10 ಗ್ರಾಂ. ನೀನು ಹಾಕಿರುವುದು 100. ಹತ್ತು ರೊಟ್ಟಿ ಮುಂದಿಟ್ಟು ಒಂದೇ ತಿಂದು ಏಳು ಅಂದರೆ ಯೀಸ್ಟ್ ಕೇಳುತ್ತದೆಯೇ? ನೂರೂ ಗ್ರಾಂ ತಿಂದರೆ ಲೀಟರಿಗೆ 50 ಗ್ರಾಂ ಗ್ಯಾಸ್. ಅಷ್ಟನ್ನು ತಡೆಯುವ ಬಾಟಲಿ ಯಾರ ಮನೆಯಲ್ಲೂ ಇಲ್ಲ.

ಗುಮ್ಮಟದ ಅಕ್ಕ (ವಿಜಯಪುರ) · ಜನವರಿ 12, ಬೆಳಿಗ್ಗೆ 10:20

ತಮ್ಮಾ, ನನ್ನ ಅಳತೆ ತಗೊಂಡು ಊರೆಲ್ಲ ಹೇಳಿಕೊಂಡು ಬಂದಿದ್ದೀಯಲ್ಲ, ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ?

ಎಲ್ಲರಿಗೂ ಹೇಳಿಬಿಡುತ್ತೇನೆ, ‘ಎರಡು ದಿನ’ ಅಂತ ನಾನು ಕಲಿತದ್ದು ಪೆಟ್ಟು ತಿಂದು. ಹೋದ ಏಪ್ರಿಲ್‌ನಲ್ಲಿ ಇದೇ ಅಳತೆ, ಇದೇ ನಮೂನೆಯ ಗಾಜಿನ ಬಾಟಲಿ. ಪುಸ್ತಕದಲ್ಲಿ ಐದು ದಿನ ಅಂತ ಇತ್ತು. ಹೊರಗೆ 41 ಡಿಗ್ರಿ, ಅಟ್ಟದ ಕೆಳಗಿನ ಕಪಾಟು ಒಲೆಯ ಹಾಗೆ ಕಾಯುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಢಂ ಅಂತ ಸಪ್ಪಳ. ಟ್ರಾನ್ಸ್‌ಫಾರ್ಮರ್ ಹೋಯಿತು ಅಂತ ನಮ್ಮವರು ಓಣಿಗೆ ಓಡಿದರು. ಕಪಾಟಿನ ಬಾಗಿಲಿನ ಒಳಮೈಗೆ ಗಾಜಿನ ಚೂರು ಚುಚ್ಚಿಕೊಂಡು ನಿಂತಿತ್ತು, ಹಪ್ಪಳದ ತುಂಡಿನಷ್ಟು ದೊಡ್ಡದು. ಬಾಗಿಲು ಹಾಕಿದ್ದರಿಂದ ಬಚಾವ್. ಶೇಂಗಾ ಚಟ್ನಿ ಡಬ್ಬಿಯ ಮುಚ್ಚಳ ಸಂದಿಯಲ್ಲೂ ಗಾಜು. ಎರಡು ಕೆಜಿ ಚಟ್ನಿಪುಡಿ ಚೆಲ್ಲಿದೆ, ಅದಕ್ಕೇ ಹೆಚ್ಚು ಬೇಸರ.

ಇನ್ನೊಂದು ಬಾಟಲಿ ಸಿಡಿಯದೆ ಕುಳಿತಿತ್ತು. ಅದನ್ನು ಏನು ಮಾಡುವುದು? ನಮ್ಮವರು ಹೆಲ್ಮೆಟ್ ಹಾಕಿ, ಕೈಗೆ ಗೋಣಿಚೀಲ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಮಗು ಎತ್ತಿದ ಹಾಗೆ ಎತ್ತಿ ಐಸ್ ಹಾಕಿದ ಬಕೆಟ್ಟಿನಲ್ಲಿ ಇಟ್ಟರು. ರಾತ್ರಿ ಕಂಬಳಿಯೊಳಗಿಂದಲೇ ಕ್ಲಿಪ್ ಬಿಟ್ಟರು. ಮುಚ್ಚಳ ಪಟ್ ಅಂತ ಎದ್ದು, ಒಳಗಿನದೆಲ್ಲ ಕಂಬಳಿಗೆ. ಅದಾದ ಮೇಲೆ ನಾನು ಎರಡೇ ದಿನ ಅನ್ನುತ್ತೇನೆ.

ಮೀಟರ್ ಕಾಕಾ · ಜನವರಿ 12, ಬೆಳಿಗ್ಗೆ 10:45

ತಂಗೀ, ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು.

ಬಿಸಿಲಿಗೆ ಎರಡು ಪೆಟ್ಟು. ಒಂದು, ಯೀಸ್ಟ್ ಜೋರಾಗಿ ತಿನ್ನುತ್ತದೆ. ಎರಡನೆಯದನ್ನು ಜನ ಮರೆಯುತ್ತಾರೆ. ಹೊಸದಾಗಿ ಗ್ಯಾಸ್ ಹುಟ್ಟದಿದ್ದರೂ ಒತ್ತಡ ಏರುತ್ತದೆ. ಲೀಟರಿಗೆ 5 ಗ್ರಾಂ ಗ್ಯಾಸ್ ಇರುವ ಬಾಟಲಿಯಲ್ಲಿ 20 ಡಿಗ್ರಿಗೆ ಹೆಚ್ಚುಕಡಿಮೆ ಕಾರಿನ ಟೈರಿನಷ್ಟು ಒತ್ತಡ. ಅದೇ ಬಾಟಲಿ 40 ಡಿಗ್ರಿಗೆ ಬಂದರೆ ಸುಮಾರು ಅದರ ದುಪ್ಪಟ್ಟು. ಫ್ರಿಜ್ಜಿನಲ್ಲಾದರೆ ಟೈರಿನ ಅರ್ಧಕ್ಕಿಂತ ಕಡಿಮೆ.

ಚೌಕಾಕಾರದ ಅಲಂಕಾರದ ಬಾಟಲಿಗೆ ಯಾರೂ ತುಂಬಬೇಡಿ. ಚಪ್ಪಟೆ ಮೈ ಒತ್ತಡ ತಡೆಯುವುದಿಲ್ಲ. ಬಾಟಲಿ ದುಂಡಗಿರಬೇಕು, ಗಾಜು ದಪ್ಪಗಿರಬೇಕು. ತೆಳು ನೀರಿನ ಬಾಟಲಿಯೂ ಬೇಡ. ಕೂಲ್‌ಡ್ರಿಂಕ್ಸ್ ಬಾಟಲಿಯ ತಳ ಹೂವಿನ ಎಸಳಿನ ಹಾಗೆ ಐದು ಕಾಲು ಚಾಚಿರುತ್ತದೆ ನೋಡಿ, ಒತ್ತಡಕ್ಕೆ ಉಬ್ಬದಿರಲಿ ಅಂತಲೇ ಹಾಗೆ ಮಾಡಿರುವುದು.

ಮ್ಯೂನಿಕ್ ರಿಟರ್ನ್ (ಬೆಳಗಾವಿ) · ಜನವರಿ 12, ಮಧ್ಯಾಹ್ನ 1:30

ಆ ‘ಮೂರು ವಾರ’ದ ಕಥೆ ನಾನು ಹೇಳುತ್ತೇನೆ. ಜರ್ಮನಿಯಲ್ಲಿ ಆರು ವರ್ಷ ಇದ್ದೆ. ಅಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ದೊಡ್ಡ ಹವ್ಯಾಸ. ನಾನಿದ್ದಾಗ ಕಸ್ಟಮ್ಸ್ ಕಚೇರಿಗೆ ಮೊದಲೇ ತಿಳಿಸಿದರೆ ವರ್ಷಕ್ಕೆ 200 ಲೀಟರ್‌ವರೆಗೆ ತೆರಿಗೆ ಇರಲಿಲ್ಲ. ನಮ್ಮಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಊರಿಗೆ ಬಂದ ಮೇಲೆ ಸುಮ್ನೆ ಇದ್ದೇನೆ, ಆದ್ದರಿಂದ ರೆಸಿಪಿ ಕೇಳಬೇಡಿ. ಗ್ಯಾಸಿನ ವಿಷಯ ಮಾತ್ರ.

ಬಿಯರ್‌ನಲ್ಲಿ ಯೀಸ್ಟ್ ಮೊದಲೇ ದೊಡ್ಡ ಪಾತ್ರೆಯಲ್ಲಿ ತನ್ನ ಊಟ ಮುಗಿಸಿರುತ್ತದೆ. ಅದು ಮುಗಿದಿದೆಯೇ ಅಂತ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಕೊಳವೆ) ಹಾಕಿ ನೋಡುತ್ತೇವೆ. ಎರಡು ಮೂರು ದಿನ ಬಿಟ್ಟು ನೋಡಿದಾಗಲೂ ಅದೇ ಅಂಕಿ ಬಂದರೆ ಮುಗಿದ ಹಾಗೆ. ಆಮೇಲೆ ಬಾಟಲಿಗೆ ತುಂಬುವಾಗ ಲೀಟರಿಗೆ 6-7 ಗ್ರಾಂ ಸಕ್ಕರೆಯನ್ನು ತೂಗಿ ಹಾಕುವುದು. ಮೊದಲಿನ ಗ್ಯಾಸ್ ಸ್ವಲ್ಪ ಕರಗಿ ಉಳಿದಿರುತ್ತದೆ, ಉಳಿದದ್ದನ್ನು ಈ ಸಕ್ಕರೆ ತುಂಬಿಸುತ್ತದೆ. ಗೋಧಿ ಬಿಯರ್‌ಗೆ ಇನ್ನೂ ಜಾಸ್ತಿ, ಇಂಗ್ಲಿಷರ ಏಲ್‌ಗೆ ಕಡಿಮೆ. ಜರ್ಮನಿಯಲ್ಲಿ ಕೆಲವರು ಸಕ್ಕರೆಯನ್ನೂ ಮುಟ್ಟುವುದಿಲ್ಲ. 1516ರ ಶುದ್ಧತೆಯ ಕಟ್ಟಳೆ ಇನ್ನೂ ಅವರ ತಲೆಯಲ್ಲಿದೆ. ಬೇಯಿಸಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ನೀರನ್ನೇ ಸ್ವಲ್ಪ ಎತ್ತಿಟ್ಟು ಬಾಟಲಿಗೆ ಹಾಕುತ್ತಾರೆ. ಅದಕ್ಕೆ ಅವರ ಹೆಸರು ‘ಶ್ಪೈಸೆ’, ಅಂದರೆ ಊಟ.

ಹೀಗಾಗಿ ಬಿಯರ್ ಬಾಟಲಿಯಲ್ಲಿ ಆ ಆರು ಗ್ರಾಂ ತಿಂದ ಮೇಲೆ ಯೀಸ್ಟ್ ತಾನೇ ನಿಲ್ಲುತ್ತದೆ. ಮೂರು ವಾರ ಇಟ್ಟರೂ ಅಷ್ಟೇ ಗ್ಯಾಸ್, ಮೂರು ತಿಂಗಳು ಇಟ್ಟರೂ ಅಷ್ಟೇ. ಊಟ ಮುಗಿಸಿ ದಣಿದ ಯೀಸ್ಟ್, ಸುತ್ತ ಆಲ್ಕೋಹಾಲ್ ಬೇರೆ, ಅದಕ್ಕೇ ನಿಧಾನ. 20 ಡಿಗ್ರಿಯಲ್ಲಿ ಎರಡು ಮೂರು ವಾರ, ಚಳಿ ಇದ್ದರೆ ತಿಂಗಳ ಮೇಲೆ. ನನ್ನ ಮೊದಲ ಬಿಯರ್ ನೆಲಮಾಳಿಗೆಯಲ್ಲಿ 12 ಡಿಗ್ರಿಗೆ ಐದು ವಾರ ಸಪ್ಪೆಯಾಗಿ ಕುಳಿತಿತ್ತು. ಮೇಲೆ ತಂದು ಹೀಟರ್ ಇರುವ ಕೋಣೆಯಲ್ಲಿ ಇಟ್ಟೆ, ಹತ್ತು ದಿನಕ್ಕೆ ಸರಿಯಾಯಿತು.

ನಿಮ್ಮ ಸೋಡಾದಲ್ಲಿ ಹೊಟ್ಟೆ ಹಸಿದ ಯೀಸ್ಟ್, ಎದುರಿಗೆ ಸಕ್ಕರೆ ಗುಡ್ಡ. ಬಿಯರ್‌ನವರು ‘ಮೂರು ವಾರ’ ಅಂದರೆ ಅದಕ್ಕಿಂತ ಮೊದಲು ತೆಗೆಯಬೇಡಿ ಅಂತ. ನಿಮ್ಮ ಅಕ್ಕ ‘ಎರಡು ದಿನ’ ಅಂದರೆ ಅದಕ್ಕಿಂತ ಜಾಸ್ತಿ ಬಿಡಬೇಡಿ ಅಂತ. ಎರಡೂ ‘ದಿನ’ವೇ, ಆದರೆ ಒಂದು ಬೇಲಿಯ ಆಚೆ, ಒಂದು ಈಚೆ. ಅವರ ಮೂರು ವಾರವನ್ನು ಶುಂಠಿ ಸೋಡಾಕ್ಕೆ ಹಾಕಿದರೆ ಅಕ್ಕನ ಕಪಾಟಿನ ಗತಿ.

ಶಹಾಪುರ ಹುಡುಗ · ಜನವರಿ 12, ಮಧ್ಯಾಹ್ನ 1:48

ಆಹಾ. ಈಗ ತಲೆಗೆ ಹೋಯಿತು. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಗೋಲಿ ಮಾಸ್ತರ (ಬಾಗಲಕೋಟೆ) · ಜನವರಿ 12, ಸಂಜೆ 6:10

ನಮ್ಮ ಅಪ್ಪ ಗೋಲಿ ಸೋಡಾ ಗಾಡಿ ಇಟ್ಟಿದ್ದರು, ಅದಕ್ಕೇ ಈ ಹೆಸರು. ಯಾರಾದರೂ ಹಳೆ ಗೋಲಿ ಬಾಟಲಿಯಲ್ಲಿ ಇದನ್ನು ಮಾಡಲು ಹೊರಟರೆ ನಿಲ್ಲಿ. ಗೋಲಿಯನ್ನು ಮೇಲೆ ಒತ್ತಿ ಹಿಡಿಯುವುದೇ ಒಳಗಿನ ಗ್ಯಾಸ್. ಹಿರಾಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ತಂದ ಬಾಟಲಿ ಇದು. ಅಪ್ಪ ಬಾಟಲಿಯನ್ನು ತಿರುಗುವ ಚೌಕಟ್ಟಿಗೆ ಸಿಕ್ಕಿಸಿ, ಸಿಲಿಂಡರಿನ ಗ್ಯಾಸ್ ಒಮ್ಮೆಲೇ ಬಿಟ್ಟು, ತಲೆಕೆಳಗೆ ತಿರುಗಿಸುತ್ತಿದ್ದರು. ಗೋಲಿ ಟಕ್ ಅಂತ ರಬ್ಬರ್ ಬಳೆಗೆ ಕೂರುತ್ತಿತ್ತು. ಹತ್ತು ನಿಮಿಷದಲ್ಲಿ ಒಂದು ಕ್ರೇಟ್. ದಿನಗಟ್ಟಲೆ ನಿಧಾನವಾಗಿ ಹುಟ್ಟುವ ಗ್ಯಾಸಿಗೆ ಗೋಲಿ ಕೂರುವುದಿಲ್ಲ, ಸೋರಿ ಹೋಗುತ್ತದೆ.

ಅಂದ ಹಾಗೆ ತಮ್ಮಾ, ಆ ಕ್ಲಿಪ್ ಮುಚ್ಚಳದ ರಬ್ಬರ್ ನೋಡಿದೆಯಾ? ನಮ್ಮ ಗಾಡಿಯಲ್ಲಿ ಸೋಡಾ ಸಪ್ಪೆ ಅಂದರೆ ನೂರಕ್ಕೆ ತೊಂಬತ್ತು ಸಲ ರಬ್ಬರಿನದೇ ತಕರಾರು. ಖಾಲಿ ಬಾಟಲಿಗೆ ಎರಡು ಚಮಚ ಲಿಂಬೆರಸ, ಕಾಲು ಚಮಚ ಅಡುಗೆ ಸೋಡಾ ಹಾಕಿ ತಕ್ಷಣ ಮುಚ್ಚು. ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡು, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಅದ್ದುವ ಹಾಗೆ. ಕಾಲು ಚಮಚಕ್ಕಿಂತ ಜಾಸ್ತಿ ಹಾಕಬೇಡ.

ಇಳಕಲ್ ಸೆರಗು · ಜನವರಿ 12, ರಾತ್ರಿ 8:30

ನನ್ನದೊಂದು ಬೇರೆ ಪ್ರಶ್ನೆ. ನಮ್ಮ ಅತ್ತೆಯವರು ಕೊರಳಲ್ಲಿ ಲಿಂಗ ಕಟ್ಟಿದವರು, ಬಹಳ ನಿಷ್ಠೆ. ಕಾಕಾ ‘ಅರ್ಧ ಗ್ರಾಂ ಆಲ್ಕೋಹಾಲ್’ ಅಂದಿದ್ದು ಓದಿ ಎದೆ ಧಸಕ್ ಅಂತು. ಹೋದ ವಾರ ಅವರಿಗೆ ಒಂದು ಲೋಟ ಕೊಟ್ಟುಬಿಟ್ಟಿದ್ದೇನೆ! ಇದು ಮದ್ಯವೇ?

ಮೀಟರ್ ಕಾಕಾ · ಜನವರಿ 12, ರಾತ್ರಿ 9:00

ಮುಚ್ಚುಮರೆ ಬೇಡ, ಲೆಕ್ಕ ಹೇಳುತ್ತೇನೆ. ಲೀಟರಿಗೆ 5 ಗ್ರಾಂ ಗ್ಯಾಸ್ ಹುಟ್ಟುವಷ್ಟರಲ್ಲಿ 5 ಗ್ರಾಂ ಆಲ್ಕೋಹಾಲ್ ಹುಟ್ಟಿರುತ್ತದೆ. ಅಂದರೆ ಗಾತ್ರದಲ್ಲಿ ಶೇಕಡಾ 0.6ರ ಹತ್ತಿರ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ 0.5 ದಾಟಿದರೆ ಮದ್ಯದ ಪಟ್ಟಿಗೆ ಸೇರುತ್ತದೆ. ಸೌಮ್ಯ ಸೋಡಾ ಆದರೆ ಗೆರೆಯ ಈಚೆ, ಚುರುಕು ಸೋಡಾ ಆದರೆ ಗೆರೆ ದಾಟುತ್ತದೆ. ದಿನಾ ಮುಚ್ಚಳ ತೆಗೆದು ಗ್ಯಾಸ್ ಬಿಟ್ಟರೆ ಇನ್ನೂ ಮೋಸ. ಗ್ಯಾಸ್ ಹೋಗುತ್ತದೆ, ಆಲ್ಕೋಹಾಲ್ ಒಳಗೇ ಉಳಿಯುತ್ತದೆ. ಸಪ್ಪೆ ಇದೆ ಅಂತ ಇನ್ನೊಂದು ವಾರ ಬಿಟ್ಟರೆ ಎರಡು, ಮೂರು ಶೇಕಡಾಕ್ಕೂ ಹೋದೀತು. ಶಹಾಪುರದವನೇ, ನಿನ್ನ ಗಾಜಿನ ಬಾಟಲಿಯದ್ದನ್ನು ಮಕ್ಕಳಿಗೆ ಕೊಡಬೇಡ.

ತಂಗೀ, ನಿಷ್ಠೆ ಇರುವವರಿಗೆ ಇದನ್ನು ಕೊಡದಿದ್ದರೆ ಒಳ್ಳೆಯದು. ಶುಂಠಿ, ಲಿಂಬೆ, ಸಕ್ಕರೆ ಕುದಿಸಿ ಪಾಕ ಮಾಡಿ ಇಟ್ಟುಕೋ. ಅಂಗಡಿ ಸೋಡಾಕ್ಕೆ ಎರಡು ಚಮಚ ಬೆರೆಸಿ ಕೊಡು. ರುಚಿ ಅದೇ, ಯೀಸ್ಟ್ ಇಲ್ಲ.

ತಿಕೋಟಾ ಮನೂಕ · ಜನವರಿ 13, ಬೆಳಿಗ್ಗೆ 7:10

ದ್ರಾಕ್ಷಿ ಬೆಳೆಗಾರ ನಾನು. ಗಾಜಿನ ಬಾಟಲಿಯನ್ನು ಒತ್ತಿ ನೋಡಲಾಗುವುದಿಲ್ಲವಲ್ಲ, ಅದಕ್ಕೊಂದು ಉಪಾಯ. ಫಿನ್ಲೆಂಡಿನವರು ಮೇ 1ರ ಹಬ್ಬಕ್ಕೆ ‘ಸಿಮಾ’ ಅನ್ನುವ ಲಿಂಬೆ ಪಾನೀಯ ಮಾಡುತ್ತಾರೆ. ಪ್ರತಿ ಬಾಟಲಿಗೆ ನಾಲ್ಕು ಒಣದ್ರಾಕ್ಷಿ ಹಾಕುತ್ತಾರೆ. ಮೊದಲು ತಳದಲ್ಲಿ ಕೂರುತ್ತವೆ. ಗ್ಯಾಸ್ ಆದಾಗ ಗುಳ್ಳೆ ಅಂಟಿಕೊಂಡು ಮೇಲೆ ತೇಲುತ್ತವೆ. ತೇಲಿದರೆ ತಯಾರು.

ನಾನು ನಮ್ಮದೇ ಮನೂಕ ಹಾಕಿ ನೋಡಿದೆ. ಮೊದಲ ಸಲ ಎರಡು ದಿನವಾದರೂ ಏಳಲಿಲ್ಲ. ಆಮೇಲೆ ನೆನಪಾಯಿತು. ಬೇಗ ಒಣಗಲಿ ಅಂತ ದ್ರಾಕ್ಷಿಯನ್ನು ನಾವು ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತೇವಲ್ಲ, ಮೇಲೆ ಎಣ್ಣೆ ಪದರ ಇರುತ್ತದೆ. ಬಣ್ಣಕ್ಕೆ ಗಂಧಕದ ಹೊಗೆ ಕೊಟ್ಟಿದ್ದರೆ ಅದು ಯೀಸ್ಟಿಗೂ ಆಗದು. ಬಿಸಿನೀರಿನಲ್ಲಿ ಎರಡು ಸಲ ತೊಳೆದು ಹಾಕಿದೆ. ಒಂದೂವರೆ ದಿನಕ್ಕೆ ಮೂರು ಎದ್ದವು, ಒಂದು ಸೋಮಾರಿ ಕೆಳಗೇ ಕೂತಿತ್ತು.

ಮ್ಯೂನಿಕ್ ರಿಟರ್ನ್ · ಜನವರಿ 13, ಬೆಳಿಗ್ಗೆ 9:15

ಉಪಾಯ ಚೆನ್ನಾಗಿದೆ. ಆದರೂ ನನ್ನ ನಂಬಿಕೆ ಪ್ಲಾಸ್ಟಿಕ್ ಬಾಟಲಿಯ ಮೇಲೇ. ಎಷ್ಟು ಗಾಜು ತುಂಬಿದರೂ ಜೊತೆಗೆ ಒಂದು ಕೂಲ್‌ಡ್ರಿಂಕ್ಸ್ ಬಾಟಲಿ ತುಂಬಿ, ಪಕ್ಕದಲ್ಲೇ ಇಡಿ. ಮುಚ್ಚುವ ಮೊದಲು ಸ್ವಲ್ಪ ಹಿಸುಕಿ ಮುಚ್ಚಿ. ತಗ್ಗು ತುಂಬಿ ಬಂದು, ಆಮೇಲೆ ಗಟ್ಟಿಯಾಗುವುದು ಕೈಗೇ ಗೊತ್ತಾಗುತ್ತದೆ. ಅದು ಗಟ್ಟಿಯಾದ ದಿನ ಎಲ್ಲವೂ ಫ್ರಿಜ್ಜಿಗೆ.

ಗುಮ್ಮಟದ ಅಕ್ಕ · ಜನವರಿ 13, ಬೆಳಿಗ್ಗೆ 11:00

ಬೇಸಿಗೆಗೆ ನಾನು ಈಗ ಮಾಡುವುದು ಹೇಳುತ್ತೇನೆ. ಸ್ಟೀಲ್ ಬಕೆಟ್‌ನಲ್ಲಿ ನೀರು, ಅದರಲ್ಲಿ ಬಾಟಲಿ, ಬಕೆಟ್ ಸುತ್ತ ಒದ್ದೆ ಗೋಣಿಚೀಲ, ಮೇಲೆ ಮರದ ಹಲಗೆ. ಹೊರಗೆ 41 ಇದ್ದಾಗ ಬಕೆಟ್ಟಿನ ನೀರು 27 ಇತ್ತು. ಮಣ್ಣಿನ ಹರವಿಯ ಲೆಕ್ಕವೇ. ನಮ್ಮ ಒಣ ಗಾಳಿಗೆ ಇದು ನಡೆಯುತ್ತದೆ, ಬೆಳಗಾವಿ ಮಳೆಗಾಲಕ್ಕೆ ನಡೆಯದು. ತಮ್ಮಾ, ನೀನು ಉಲ್ಟಾ ಮಾಡು. ಪಡ್ಡಿನ ಹಿಟ್ಟು ಉಬ್ಬದಿದ್ದರೆ ಅವ್ವ ಎಲ್ಲಿ ಇಡುತ್ತಾಳೆ? ಅಲ್ಲೇ ಇಡು.

ಶಹಾಪುರ ಹುಡುಗ · ಜನವರಿ 18, ರಾತ್ರಿ 8:50

ವರದಿ ಒಪ್ಪಿಸುತ್ತೇನೆ.

ಗೋಲಿ ಮಾಸ್ತರ ಹೇಳಿದ್ದೇ ನಿಜ. ಬಕೆಟ್ಟಿನಲ್ಲಿ ಮುಳುಗಿಸಿದ ಕೂಡಲೇ ಒಂದು ಬಾಟಲಿಯ ಕತ್ತಿನಿಂದ ಸಾಲಾಗಿ ಗುಳ್ಳೆ, ಮುತ್ತು ಪೋಣಿಸಿದ ಹಾಗೆ. ರಬ್ಬರ್ ತೆಗೆದು ನೋಡಿದರೆ ತಿರುವುಮುರುವಾಗಿ ಕೂತಿತ್ತು. ಉಬ್ಬು ಇರುವ ಮಗ್ಗುಲು ಬಾಟಲಿಯ ಬಾಯಿಗೆ ಬರಬೇಕು, ನಾನು ತೊಳೆದು ಹಾಕುವಾಗ ಮುಚ್ಚಳದ ಕಡೆ ಹಾಕಿದ್ದೆ. ಇನ್ನೊಂದು ಬಾಟಲಿ ಸೋರುತ್ತಿರಲಿಲ್ಲ. ಅದನ್ನು ಸಪ್ಪೆ ಮಾಡಿದ್ದು ನಾನೇ, ದಿನಾ ತೆಗೆದು. ಎರಡನ್ನೂ ಬಚ್ಚಲಿಗೆ ಸುರಿದೆ.

ಪ್ಲಾಸ್ಟಿಕ್ ಬಾಟಲಿ 13ರ ಸಂಜೆ ತೆಗೆದೆ. ಸಿಂಕಿನಲ್ಲಿಟ್ಟು, ಮುಚ್ಚಳ ಕೂದಲೆಳೆಯಷ್ಟು ತಿರುಗಿಸಿ, ನೊರೆ ಮೇಲೆ ಬಂದರೆ ಮತ್ತೆ ಬಿಗಿ ಮಾಡುತ್ತಾ, ಏಳು ಸಲ. ಆಮೇಲೂ ಲೋಟದಲ್ಲಿ ಮೂಗಿಗೆ ಚುರ್ ಅನ್ನುವಷ್ಟು ಗ್ಯಾಸ್. ಸಿಹಿ ಕಡಿಮೆ, ಘಾಟು ಜಾಸ್ತಿ. ನಾರು ಸರಿಯಾಗಿ ಸೋಸಿರಲಿಲ್ಲ. ಗುಳ್ಳೆಗೆ ಅದೇ ಮೆಟ್ಟಿಲು ಅಂತ ಕಾಣುತ್ತದೆ, ಒಂದೊಂದು ಎಳೆಯಿಂದಲೂ ನೊರೆ ಏಳುತ್ತಿತ್ತು.

ಹೊಸದು 14ಕ್ಕೆ, ಸಂಕ್ರಾಂತಿ ದಿನ ತುಂಬಿದೆ. ಅರಿವೆಯಲ್ಲಿ ಎರಡು ಸಲ ಸೋಸಿ. ಎರಡು ಗಾಜು, ಒಂದು ಪ್ಲಾಸ್ಟಿಕ್. ಅವ್ವ ಹಿಟ್ಟು ಇಡುವ ಜಾಗ, ಅಂದರೆ ಫ್ರಿಜ್ಜಿನ ಹಿಂದಿನ ಸಂದಿ. ಅಲ್ಲಿ 24 ಡಿಗ್ರಿ. ಮುಚ್ಚಳ ಮುಟ್ಟಲಿಲ್ಲ. 17ರ ಬೆಳಿಗ್ಗೆ ಪ್ಲಾಸ್ಟಿಕ್ ಗಟ್ಟಿ, ಎಲ್ಲ ಫ್ರಿಜ್ಜಿಗೆ. ಇವತ್ತು ಸಂಜೆ ಗಾಜಿನದು ತೆಗೆದೆ. ಟಪ್!

ಮೀಟರ್ ಕಾಕಾ · ಜನವರಿ 18, ರಾತ್ರಿ 9:05

24 ಡಿಗ್ರಿ, ಮೂರು ದಿನ. ಬರೆದಿಟ್ಟುಕೋ. ಏಪ್ರಿಲ್‌ನಲ್ಲಿ ಮತ್ತೆ ಮಾಡಿ ಅದನ್ನೂ ಬರೆ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಲೀಡ್ಸ್ ಊರಿನ ಬಿಯರ್ ತೊಟ್ಟಿಯ ಮೇಲೆ ನೀರಿನ ಪಾತ್ರೆ ಹಿಡಿದು ಸೋಡಾನೀರು ಮಾಡಿದ. ಅವನಿಗೂ ಇಷ್ಟೇ ಖುಷಿ ಆಗಿರಬೇಕು.

ಗುಮ್ಮಟದ ಅಕ್ಕ · ಜನವರಿ 18, ರಾತ್ರಿ 9:20

ಇನ್ನೊಂದು ಗಾಜಿನ ಬಾಟಲಿ ಇದೆಯಲ್ಲ, ಅದನ್ನು ಮುಂದಿನ ವಾರ ನಾನು ಬರುವವರೆಗೆ ತೆಗೆಯಬೇಡ. ಫ್ರಿಜ್ಜಿನಿಂದ ಹೊರಗೂ ಇಡಬೇಡ. ಬರುವಾಗ ಬಸ್ಸಿನಲ್ಲಿ ಮಹಾಲಿಂಗಪುರದ ಬೆಲ್ಲ ತರುತ್ತೇನೆ. ಕಾಕಾ, ಸಕ್ಕರೆ ಬದಲು ಬೆಲ್ಲ ಹಾಕಿದರೆ ಎಷ್ಟು ಗ್ರಾಂ ಹಿಡಿಯಲಿ?

ಮೀಟರ್ ಕಾಕಾ · ಜನವರಿ 18, ರಾತ್ರಿ 9:32

ಬೆಲ್ಲದಲ್ಲಿ ನೀರು, ಖನಿಜ ಎಲ್ಲ ಇರುತ್ತದೆ, ಒಂದೊಂದು ಗಾಣದ್ದು ಒಂದೊಂದು ತರ. 100 ಗ್ರಾಂ ಸಕ್ಕರೆಯ ಬದಲು 110-115 ಗ್ರಾಂ ಹಿಡಿ. ಕುದಿಸಿ, ಸೋಸಿ, ಪೂರ್ತಿ ಆರಿಸಿ ಹಾಕು. ಪ್ಲಾಸ್ಟಿಕ್ ಬಾಟಲಿ ಮರೆಯಬೇಡ.